ಕಾಯಕದ ಧೂಳು, ಕಾಯದ ಲೆಕ್ಕ

ಹಲವು ವರ್ಷಗಳ ಹಿಂದೆ ಹಳಿಯಾಳ ಕಡೆಯ ಬಡಿಗರೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಮೂಗಿನ ಒಂದೇ ಹೊಳ್ಳೆ ಕಟ್ಟುತ್ತದೆ, ಆಗಾಗ ರಕ್ತ ಜಿನುಗುತ್ತದೆ ಎಂಬುದು ಅವರ ದೂರು. ನಾವು ಪೀನಸವೆಂದು ಬಗೆದು ಎರಡು ತಿಂಗಳು ನಸ್ಯಚಿಕಿತ್ಸೆ ಮಾಡಿದೆವು. ಗುಣ ಕಾಣದೆ ಹುಬ್ಬಳ್ಳಿಯ ತಜ್ಞರಲ್ಲಿಗೆ ಕಳುಹಿಸಿದಾಗ ಮೂಗಿನೊಳಗೆ ಅರ್ಬುದವಿರುವುದು ತಿಳಿಯಿತು. ಎಷ್ಟು ವರ್ಷ ಗರಗಸದ ಮುಂದೆ ನಿಂತಿದ್ದೀರಿ ಎಂಬ ಒಂದು ಪ್ರಶ್ನೆಯನ್ನು ನಾವು ಮೊದಲ ದಿನವೇ ಕೇಳಬೇಕಾಗಿತ್ತು.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯಲ್ಲಿ ಮರದ ಕಾಯಕವನ್ನು ನಂಬಿದ ಮನೆಗಳು ಬಹಳ. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಪ್ರಕಟಿಸಿತು. ಪ್ಲೈವುಡ್ ಅಂಟಿನಲ್ಲಿರುವ ಫಾರ್ಮಾಲ್ಡಿಹೈಡನ್ನೂ 2004ರಲ್ಲಿ ಅದೇ ವರ್ಗಕ್ಕೆ ಸೇರಿಸಿತು. ರೋಗ ತಲೆದೋರಲು ಹಲವು ದಶಕಗಳೇ ಹಿಡಿಯಬಹುದು. ಪೂರ್ತಿಯಾಗಿ ಹೊರಹೋಗದೆ ದೇಹದಲ್ಲಿ ಅಡಗಿದ್ದು, ವರ್ಷಗಳ ಬಳಿಕ ಕೆರಳುವ ವಿಷವನ್ನು ನಮ್ಮ ಆಚಾರ್ಯರು ‘ದೂಷೀವಿಷ’ ಎಂದು ಕರೆದರು. ಇಲ್ಲಿ ಆ ಕಲ್ಪನೆ ಸಹಜವಾಗಿಯೇ ನೆನಪಾಗುತ್ತದೆ.

ಇಂತಹ ವಿಷ ಮೈಸೇರುತ್ತಿದೆಯೇ ಎಂದು ರೋಗಕ್ಕೆ ಮುಂಚೆಯೇ ಅರಿಯುವ ವಿಧಾನಕ್ಕೆ ಜೈವಿಕ ಪರಿವೀಕ್ಷಣೆ ಎಂದು ಹೆಸರು. ಕಾರ್ಖಾನೆಯ ಗಾಳಿಯನ್ನಲ್ಲ, ಕೆಲಸಗಾರನ ರಕ್ತ ಅಥವಾ ಮೂತ್ರವನ್ನು ಇಲ್ಲಿ ಪರೀಕ್ಷಿಸುತ್ತಾರೆ. ಪೆಟ್ರೋಲಿನಲ್ಲಿರುವ ಬೆಂಜೀನ್ ಉಸಿರಿನಿಂದ ಒಳಹೊಕ್ಕರೆ ಎಸ್-ಫಿನೈಲ್ ಮರ್ಕ್ಯಾಪ್ಟ್ಯೂರಿಕ್ ಆಮ್ಲವಾಗಿ ಮೂತ್ರದಲ್ಲಿ ಇಳಿಯುತ್ತದೆ. ಪಾಳಿ ಮುಗಿದೊಡನೆ ಮೂತ್ರ ಕೊಟ್ಟರೆ ಮಾತ್ರ ಲೆಕ್ಕ ಸರಿಯಾಗಿ ಸಿಗುತ್ತದೆ. ರಜೆಯ ನಂತರ ಕೊಟ್ಟರೆ ವ್ಯರ್ಥ. ಬೀಡಿ ಸೇದುವವರಲ್ಲಿಯೂ ಇದು ಹೆಚ್ಚುವುದರಿಂದ ಆ ಸಂಗತಿಯನ್ನು ವೈದ್ಯರಿಂದ ಮುಚ್ಚಿಡಬಾರದು. ಸ್ಟೇನ್‌ಲೆಸ್ ಸ್ಟೀಲ್ ವೆಲ್ಡಿಂಗ್ ಮಾಡುವವರಿಗೆ ವಾರದ ಕೊನೆಯ ಪಾಳಿಯ ನಂತರ ಮೂತ್ರದ ಕ್ರೋಮಿಯಂ ಅಳೆಯುತ್ತಾರೆ. ಅಂಶ ಹೆಚ್ಚಿದ್ದರೆ ಕ್ಯಾನ್ಸರ್ ಬಂದಿದೆ ಎಂದಲ್ಲ. ವಿಷ ಒಳಬರುವ ದಾರಿಯನ್ನು ಕೂಡಲೇ ಮುಚ್ಚಬೇಕು ಎಂದರ್ಥ.

ಆದರೆ ನಮ್ಮ ಸೀಮೆಯ ಬಡಿಗರು ಅರಿಯಬೇಕಾದ ಮಾತು ಬೇರೆಯೇ ಇದೆ. ಮರದ ಧೂಳನ್ನು ಹೀಗೆ ಅಳೆಯಬಲ್ಲ ರಕ್ತ ಪರೀಕ್ಷೆಯಾಗಲಿ ಮೂತ್ರ ಪರೀಕ್ಷೆಯಾಗಲಿ ಬಳಕೆಯಲ್ಲಿಲ್ಲ. ಫಾರ್ಮಾಲ್ಡಿಹೈಡನ್ನು ನಮ್ಮ ದೇಹವೇ ಅಲ್ಪ ಪ್ರಮಾಣದಲ್ಲಿ ತಯಾರಿಸುತ್ತದೆ. ಹೊರಗಿನಿಂದ ಬಂದದ್ದೂ ನಿಮಿಷಗಳಲ್ಲಿ ರೂಪಾಂತರಗೊಳ್ಳುವುದರಿಂದ ರಕ್ತ ಅದರ ಸುಳಿವು ಕೊಡದು. ಆದ್ದರಿಂದ ‘ರಕ್ತ ಸರಿಯಿದೆ’ ಎಂಬ ವರದಿಯನ್ನು ನಂಬಿ ಬಡಿಗನಾದವನು ನಿಶ್ಚಿಂತನಾಗಿರಲಾಗದು. ಅವನಿಗೆ ಮೂಗಿನ ತಪಾಸಣೆ ಮತ್ತು ಕೆಲಸದ ಚರಿತ್ರೆಗಳೇ ಪರಿವೀಕ್ಷಣೆ. ಇಂಗ್ಲೆಂಡಿನ ಹೈ ವಿಕಂಬ್ ಎಂಬ ಪೀಠೋಪಕರಣಗಳ ಊರಿನಲ್ಲಿ 1960ರ ದಶಕದಲ್ಲಿ ಈ ರೋಗದ ಮೂಲ ಹೊರಬಿದ್ದದ್ದು ವೈದ್ಯರು ರೋಗಿಗಳ ಕಸುಬನ್ನು ಗಮನಿಸಿದ್ದರಿಂದಲೇ.

ಅಪಾಯಕಾರಿ ವಸ್ತುಗಳೊಡನೆ ದುಡಿಯುವವರಿಗೆ ಕೆಲಸಕ್ಕೆ ಸೇರುವ ಮುನ್ನ, ಬಳಿಕ ಹನ್ನೆರಡು ತಿಂಗಳಿಗೊಮ್ಮೆ, ಕೆಲಸ ಬಿಟ್ಟ ಮೇಲೂ ವೈದ್ಯಕೀಯ ತಪಾಸಣೆ ನಡೆಯಬೇಕೆಂದು 1948ರ ಕಾರ್ಖಾನೆ ಕಾಯಿದೆಗೆ 1987ರ ತಿದ್ದುಪಡಿ ಸೇರಿಸಿತು. 1995ರಲ್ಲಿ ಸರ್ವೋಚ್ಚ ನ್ಯಾಯಾಲಯ ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸ ಆರಂಭವಾದಂದಿನಿಂದ 40 ವರ್ಷ, ಇಲ್ಲವೇ ನಿವೃತ್ತಿಯ ನಂತರ 15 ವರ್ಷ, ಇವುಗಳಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಆದೇಶಿಸಿತು. ಆದರೆ ಮನೆಯಂಗಳದ ಬಡಿಗತನ, ನಾಲ್ಕಾರು ಜನರ ಸಣ್ಣ ಮಿಲ್ಲುಗಳು ಕಾರ್ಖಾನೆಯ ವ್ಯಾಖ್ಯೆಗೇ ಒಳಪಡುವುದಿಲ್ಲ.

ಹೀಗಾಗಿ ಭಕ್ತರಲ್ಲಿ ನಮ್ಮ ವಿನಂತಿ ಇಷ್ಟು. ಎಲ್ಲಿ, ಯಾವ ಕೆಲಸ, ಎಷ್ಟು ವರ್ಷ ಮಾಡಿದಿರಿ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿರಿ. ತಪಾಸಣೆಯ ವರದಿಗಳನ್ನೂ ಅದರಲ್ಲಿಯೇ ಇಡಿರಿ. ಯಾವ ವೈದ್ಯರಲ್ಲಿಗೆ ಹೋದರೂ ಮೊದಲು ನಿಮ್ಮ ಕಸುಬನ್ನು ಹೇಳಿರಿ. ಧೂಳನ್ನು ಒಣಪೊರಕೆಯಿಂದ ಗುಡಿಸದೆ ಒದ್ದೆಮಾಡಿ ತೆಗೆಯಿರಿ. ಧೂಳು ತಡೆಯಬಲ್ಲ, ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಧರಿಸಿರಿ, ಹೆಗಲ ಮೇಲಿನ ವಸ್ತ್ರ ಸಾಲದು. ಒಂದೇ ಹೊಳ್ಳೆ ವಾರಗಟ್ಟಲೆ ಕಟ್ಟಿದರೆ ಅಥವಾ ಅದರಲ್ಲಿ ರಕ್ತ ಕಂಡರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿರಿ. ಸೇರಿದ ವಿಷವನ್ನು ಪಂಚಕರ್ಮದಿಂದ ತೊಳೆದುಬಿಡುತ್ತೇವೆ ಎಂದು ಯಾರಾದರೂ ಹೇಳಿದರೆ, ಆಯುರ್ವೇದ ವೈದ್ಯರಾದ ನಾವೇ ಹೇಳುತ್ತೇವೆ, ನಂಬಿ ಕಾಲಹರಣ ಮಾಡಬೇಡಿರಿ.

ಶರಣರು ಕಾಯಕಕ್ಕೆ ಹಿರಿಮೆಯನ್ನಿತ್ತರು. ಆ ಕಾಯಕ ಮಾಡುವ ಕಾಯವನ್ನು ಕಾಪಾಡಿಕೊಳ್ಳುವುದೂ ಶರಣಧರ್ಮವೇ ಆಗಿದೆ.