ಶಿಲ್ಪವೂ ರೂವಾರಿಯ ಅಂಕಿತವೂ

ಪ್ರಾಚೀನ ಭಾರತದ ಶಿಲ್ಪಿಯು ತನ್ನ ಹೆಸರನ್ನು ಮರೆಸಿಕೊಂಡು ಕೆಲಸಮಾಡಿದನೆಂಬ ಮಾತು ಬಹುಕಾಲದಿಂದ ರೂಢಿಯಲ್ಲಿದೆ. ಎಷ್ಟೋ ಕಡೆಗಳಲ್ಲಿ ಇದು ದಿಟವೂ ಹೌದು. ಶ್ರವಣಬೆಳ್ಗೊಳದ ಗೊಮ್ಮಟಮೂರ್ತಿಯ ಪಾದದೆಡೆಯ ಬರಹಗಳು ಅದನ್ನು ಚಾವುಂಡರಾಜನು ಮಾಡಿಸಿದನೆಂದು ತಿಳಿಸುತ್ತವೆ. ಮಾಡಿದ ಕೈ ಯಾರದೆಂಬುದನ್ನು ತಿಳಿಸುವುದಿಲ್ಲ. ಆದರೆ ಹೊಯ್ಸಳ ದೇವಾಲಯಗಳಿಗೆ ಬಂದರೆ ಈ ಮಾತು ನಿಲ್ಲದು. ಅಲ್ಲಿಯ ವಿಗ್ರಹಪೀಠಗಳಲ್ಲಿ ರೂವಾರಿಗಳು ಸ್ವಹಸ್ತದಿಂದ ಕೆತ್ತಿದ ಕಿರುಬರಹಗಳು ಹಲವಾಗಿವೆ.

ಬೇಲೂರಿನ ಚೆನ್ನಕೇಶವ ದೇವಾಲಯವು ವಿಷ್ಣುವರ್ಧನನ ಕಾಲದಲ್ಲಿ, ಕ್ರಿ. ಶ. 1117ರಲ್ಲಿ, ಪ್ರತಿಷ್ಠಿತವಾದುದು. ಅಲ್ಲಿಯ ಮದನಿಕೆಗಳ ಕೆಳಗೆ ಬಳ್ಳಿಗ್ರಾಮೆಯ ದಾಸೋಜ, ಅವನ ಮಗ ಚಾವಣ, ಮಲ್ಲಿಯಣ್ಣ, ನಾಗೋಜ, ಚಿಕ್ಕಹಂಪ ಮೊದಲಾದವರ ಹೆಸರುಗಳು ದೊರೆತಿವೆ. ಇವುಗಳಲ್ಲಿ ಕೆಲವು ಬರಿಯ ಹೆಸರುಗಳಲ್ಲ. ಬಿರುದಾಂತ ರೂವಾರಿಗಳೆಂಬ ಮನ್ಮಥನಿಗೆ ತಾನು ಶಿವನೆಂದೂ, ಅಂತಹವರೆಂಬ ಪರ್ವತಗಳಿಗೆ ತಾನು ವಜ್ರಾಯುಧವೆಂದೂ ಹೇಳಿಕೊಂಡಿರುವುದುಂಟು. ವೀರಗಲ್ಲುಗಳಲ್ಲಿಯೂ ಚಂಪೂಕಾವ್ಯಗಳಲ್ಲಿಯೂ ರಣಶೂರರಿಗೆ ಸಲ್ಲುವ ಬಿರುದುಗಳ ಮಾತೇ ಇಲ್ಲಿ ಉಳಿ ಹಿಡಿದವರಿಗೆ ಸಂದಿದೆ. ಸಾಹಿತ್ಯಾಭ್ಯಾಸಿಗಳು ಗಮನಿಸತಕ್ಕ ವಿಷಯವಿದು.

ಸೋಮನಾಥಪುರದ ಕೇಶವ ದೇವಾಲಯವು ಹದಿಮೂರನೆಯ ಶತಮಾನದ್ದು. ಅದರ ಹೊರಗೋಡೆಗಳಲ್ಲಿ 194 ದೊಡ್ಡ ವಿಗ್ರಹಗಳಿದ್ದು, ಸುಮಾರು 40ರಲ್ಲಿ ಮಲ್ಲಿತಮ್ಮನ ಅಂಕಿತವು ಕಾಣುತ್ತದೆ. ಮಸಣಿತಮ್ಮ, ಚಾಮೆಯ, ರಾಮೆಯ, ಚೌಡೆಯ ಮೊದಲಾದವರು ಇವನ ಜೊತೆಗಾರರು. ಆದರೆ ಇಲ್ಲಿ ಬೇಲೂರಿನ ಬಿರುದುಗಳ ಆಡಂಬರವಿಲ್ಲ. ಮಲ್ಲಿತಮ್ಮನ ಹೆಸರು ಒಮ್ಮೊಮ್ಮೆ ‘ಮಲ್ಲಿ’ ಎಂದೂ, ಒಮ್ಮೊಮ್ಮೆ ‘ಮ’ ಎಂಬ ಒಂದೇ ಅಕ್ಷರವಾಗಿಯೂ ಕುಗ್ಗಿದೆ. ಕೀರ್ತಿಯನ್ನು ಬಯಸಿದವನು ಒಂದೇ ಅಕ್ಷರದಿಂದ ತೃಪ್ತನಾಗನು. ಹಲವರು ಕೂಡಿ ಮಾಡುವ ಕೆಲಸದಲ್ಲಿ ಯಾವುದು ಯಾರದೆಂದು ಲೆಕ್ಕವಿಡುವುದಕ್ಕಾಗಿ ಈ ಗುರುತು ಹುಟ್ಟಿತೆಂದು ಊಹಿಸುವುದು ಯುಕ್ತವಾಗಿದೆ. 1246ರ ನುಗ್ಗೇಹಳ್ಳಿಯ ದೇವಾಲಯವು ಇದಕ್ಕೆ ಬೆಂಬಲವನ್ನೀಯುತ್ತದೆ. ಅಲ್ಲಿ ದಕ್ಷಿಣದ ಕಡೆಯ ವಿಗ್ರಹಗಳಲ್ಲಿ ಬೈಚೋಜನ ಹೆಸರೂ ಉತ್ತರದ ಕಡೆಯವುಗಳಲ್ಲಿ ಮಲ್ಲಿತಮ್ಮನ ಹೆಸರೂ ಬರುತ್ತವೆ. ಕೆಲಸವು ಪಾಲಾಗಿ ಹಂಚಲ್ಪಟ್ಟುದು ಸ್ಪಷ್ಟವಾಗಿದೆ.

ಹೀಗೆ ಅಂಕಿತವು ಒಂದೆಡೆ ಹೆಮ್ಮೆಯ ನುಡಿ, ಮತ್ತೊಂದೆಡೆ ಕೆಲಸದ ಗುರುತು. ಎರಡೂ ಕಡೆಗಳಲ್ಲಿ ಅದು ಶಿಲ್ಪದ ಅಂಗವೇ ಆಗಿದೆ. ಮೈಸೂರು ಪ್ರಾಕ್ತನ ಶಾಖೆಯ ಆರ್. ನರಸಿಂಹಾಚಾರ್ಯರು ಸೋಮನಾಥಪುರವನ್ನು ಕುರಿತು 1917ರಲ್ಲಿಯೂ ಬೇಲೂರನ್ನು ಕುರಿತು 1919ರಲ್ಲಿಯೂ ಪ್ರಕಟಿಸಿದ ಗ್ರಂಥಗಳಲ್ಲಿ ಈ ಬರಹಗಳಿಗೆ ಮೂರ್ತಿಗಳೊಡನೆ ಸ್ಥಾನವನ್ನಿತ್ತರು. ಕವಿಗಳ ಚರಿತ್ರೆಯನ್ನು ಸಂಗ್ರಹಿಸಿದವರೇ ರೂವಾರಿಗಳ ಹೆಸರುಗಳನ್ನೂ ಸಂಗ್ರಹಿಸಿದುದು ಉಚಿತವೇ ಆಗಿದೆ.

ಮಾಡಿದವರಂತೆ ನೋಡಬಂದವರೂ ಕಲ್ಲಿನಲ್ಲಿ ಹೆಸರನ್ನು ಬಿಟ್ಟುಹೋಗುವುದುಂಟು. ಶ್ರವಣಬೆಳ್ಗೊಳದ ಚಿಕ್ಕಬೆಟ್ಟದ ಬಂಡೆಗಳಲ್ಲಿ ಯಾತ್ರಿಕರ ಹೆಸರುಗಳು ಹೇರಳವಾಗಿವೆ. ಅವುಗಳ ನಡುವೆ ಇರುವ ‘ಕವಿರತ್ನ’ ಎಂಬ ಬರಹವನ್ನು ಕವಿ ರನ್ನನ ಸ್ವಹಸ್ತವೆಂದು ವಿದ್ವಾಂಸರು ಭಾವಿಸಿದ್ದಾರೆ. ಬರಿಯ ಬಂಡೆಯ ಮೇಲಿನ ಈ ಬರಹವು ಯಾವ ಶಿಲ್ಪಕ್ಕೂ ಕುಂದನ್ನು ತರಲಿಲ್ಲ. ಈಚಿನವರು ವಿಗ್ರಹದ ಮೈಮೇಲೆಯೇ ಹೆಸರನ್ನು ಗೀಚುವುದಾದರೋ ಬೇರೆಯ ಮಾತು. 1958ರ ಪ್ರಾಚೀನ ಸ್ಮಾರಕಗಳ ಶಾಸನದ ಮೇರೆಗೆ ಅದು ದಂಡನಾರ್ಹವಾದ ಅಪರಾಧ. ಆ ಗೀಚಿನಿಂದ ಮರೆಯಾಗುವುದು ಕಲ್ಲಿನ ನುಣುಪು ಮಾತ್ರವಲ್ಲ. ಅದರಡಿಯ ‘ಮ’ಕಾರವೊಂದು ಅಳಿದರೆ ಒಬ್ಬ ರೂವಾರಿಯ ಕೆಲಸದ ಸಾಕ್ಷಿಯೇ ಅಳಿದಂತೆ.

ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದುವು. ನೋಡುವವರು ಹೆಚ್ಚಿದಷ್ಟೂ ಈ ಅಕ್ಷರಗಳಿಗೆ ಅಪಾಯವೂ ಹೆಚ್ಚು. ಆದುದರಿಂದ ಮೂರ್ತಿಯ ಚಿತ್ರವನ್ನು ತೆಗೆಯುವಾಗ ಅದರ ಪೀಠವನ್ನೂ ಸೇರಿಸುವುದು, ವಿದ್ಯಾರ್ಥಿಗಳಿಗೆ ಮದನಿಕೆಯನ್ನು ತೋರಿಸುವಾಗ ಅಡಿಯ ಹೆಸರನ್ನೂ ಓದಿಸುವುದು ಅವಶ್ಯಕ. ದೇವಾಲಯವನ್ನು ಕಟ್ಟಿಸಿದ ಪ್ರಭುಗಳನ್ನು ದೊಡ್ಡ ಶಾಸನಗಳು ಕಾಪಾಡಿವೆ. ಕಟ್ಟಿದವರನ್ನು ಕಾಪಾಡಿರುವುವು ಈ ಕಿರುಬರಹಗಳೇ.