ಊರಿಗೊಂದು ಹೊಸ ಬೀದಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಎಚ್ಚರಿಸಿದರು. ಊರು ಕಟ್ಟಿ ನೋಡು ಎಂದು ಮಾತ್ರ ಅವರು ಹೇಳಲಿಲ್ಲ. ಹೇಳುವ ಅಗತ್ಯ ಅವರಿಗೆ ಕಂಡಿರಲಾರದು. ಊರೆಂಬುದು ಅವರ ಪಾಲಿಗೆ ಕೆರೆಯಂತೆ, ಗುಡ್ಡದಂತೆ, ತಾವು ಹುಟ್ಟುವ ಮೊದಲೇ ಇದ್ದು ತಾವು ಕಳೆದ ಮೇಲೂ ಉಳಿಯತಕ್ಕ ವಸ್ತು. ಆದರೆ ಇಂದು ಕನ್ನಡನಾಡಿನ ಅನೇಕ ಹಳ್ಳಿಗಳ ಅಂಚಿನಲ್ಲಿ ಸುಣ್ಣದ ಗೆರೆ ಎಳೆದು ಮೂಲೆಮೂಲೆಗೆ ಕಲ್ಲು ನೆಟ್ಟ ಒಂದೆರಡು ಎಕರೆ ನೆಲ ಕಣ್ಣಿಗೆ ಬೀಳುತ್ತದೆ. ಅಲ್ಲಿ ನಲವತ್ತೋ ಐವತ್ತೋ ಮನೆಗಳು ಏಳಲಿವೆ. ನಗರದವರಿಗೆ ನಲವತ್ತು ಮನೆ ಸುದ್ದಿಯೇ ಅಲ್ಲ. ಇನ್ನೂರು ಮನೆಗಳ ಹಳ್ಳಿಗಾದರೋ ಅದು ಐದರಲ್ಲೊಂದು ಪಾಲು. ಆ ಮನೆಗಳು ಎಲ್ಲಿ ಏಳಬೇಕು, ಯಾರಿಗೆ ದೊರೆಯಬೇಕು, ಯಾರ ಮಗ್ಗುಲಲ್ಲಿ ಯಾರಿರಬೇಕು ಎಂಬ ತೀರ್ಮಾನ ಆ ಊರಿನ ಮುಂದಿನ ನೂರು ವರ್ಷಗಳ ಹಣೆಬರಹ. ಅದನ್ನು ಬರೆಯುವ ಕೈ ನಮ್ಮದೇ ಆಗಿರುವಾಗ, ಆ ವಿಷಯವಾಗಿ ವಾಚಕರೊಡನೆ ನಾಲ್ಕು ಮಾತು ಆಡುವುದು ಅಪ್ರಸ್ತುತವಾಗದೆಂದು ನಂಬಿದ್ದೇನೆ.

ನಿವೇಶನ ಎಂಬ ಮಾತು ಸರ್ಕಾರಿ ಕಚೇರಿಯಲ್ಲಿ ಹುಟ್ಟಿದ್ದಲ್ಲ. ನಮ್ಮ ಹಳೆಯ ಶಾಸನಗಳಲ್ಲಿ ಗದ್ದೆ, ಬೆದ್ದಲೆ, ತೋಟ, ಗಾಣಗಳ ದತ್ತಿಯ ಜೊತೆಗೆ ಮನೆಯ ನಿವೇಶನವೂ ಬರುತ್ತದೆ. ಶಾಸನಗಳು ಭೂಮಿಯನ್ನು ಹೇಳುವ ಕ್ರಮ ಗಮನಿಸತಕ್ಕದ್ದು. ಮೂಡಲು ಏನಿದೆ, ತೆಂಕಲು ಏನಿದೆ, ಪಡುವಲು ಏನಿದೆ, ಬಡಗಲು ಏನಿದೆ ಎಂದು ದಿಕ್ಕು ದಿಕ್ಕಿನ ಹಳ್ಳ, ಮರ, ಹುತ್ತ, ಕೆರೆಯ ಕೋಡಿ, ನಟ್ಟ ಕಲ್ಲುಗಳನ್ನು ಎಣಿಸಿ ಸೀಮೆಯನ್ನು ಸ್ಥಾಪಿಸುತ್ತಾರೆ. ಒಂದು ತುಂಡು ನೆಲವನ್ನು ಅದರ ನೆರೆಯಿಂದ ಗುರುತಿಸುವ ಪದ್ಧತಿ ಅದು. ಇಂದಿನ ಕಾಗದಪತ್ರಗಳ ಚಕ್ಕುಬಂದಿಯಲ್ಲೂ ಆ ಪದ್ಧತಿಯ ಜಾಡು ಉಳಿದಿದೆ. ಅದರ ಹಿಂದಿನ ವಿವೇಕ ಉಳಿದಿದೆಯೇ ಎಂಬುದು ಪ್ರಶ್ನೆ.

ನಮ್ಮ ಹಳ್ಳಿಗಳೆಲ್ಲ ಒಂದೇ ಎರಕದವಲ್ಲ. ಮಲೆನಾಡಿನಲ್ಲಿ ಅಡಕೆಯ ತೋಟವಿರುವ ಕಣಿವೆಗೊಂದು ಮನೆ. ಕೂಗಿದರೆ ಕೇಳಿಸದಷ್ಟು ದೂರದಲ್ಲಿ ಇನ್ನೊಂದು. ಬಯಲುಸೀಮೆಯಲ್ಲಿ ಮನೆಗಳು ಗೋಡೆಗೆ ಗೋಡೆ ಆನಿಸಿಕೊಂಡು ಒಂದೆಡೆ ಗುಂಪುಗೂಡುತ್ತವೆ. ಹೊಲಗದ್ದೆಗಳು ಸುತ್ತ ಹರಡಿಕೊಳ್ಳುತ್ತವೆ. ಇಂಥ ಊರಿಗೆ ಸಾಮಾನ್ಯವಾಗಿ ನೀರು ನಿಲ್ಲದ ದಿಣ್ಣೆಯನ್ನು ಆರಿಸುತ್ತಿದ್ದರು. ಕೆರೆ ತಗ್ಗಿನಲ್ಲಿ, ಕೆರೆಯ ಕೆಳಗೆ ಗದ್ದೆ. ಊರ ಮಗ್ಗುಲಿಗೆ ಕಣ, ತಿಪ್ಪೆ, ಗುಂಡುತೋಪು, ಅದರಾಚೆ ಗೋಮಾಳ. ಮನೆಗಳಿರುವ ನೆಲಕ್ಕೆ ಭೂಮಾಪನದವರು ಗ್ರಾಮಠಾಣವೆಂದು ಹೆಸರಿಟ್ಟು ನಕ್ಷೆಯಲ್ಲಿ ಗೆರೆ ಎಳೆದರು. ಗೆರೆ ನಿಂತಿತು, ಜನ ನಿಲ್ಲಲಿಲ್ಲ. ಮಕ್ಕಳು ಬೆಳೆದರು, ಪಾಲಾದರು. ಅಂಕಣದ ಮನೆಯ ನಡುವೆ ಅಡ್ಡಗೋಡೆ ಎದ್ದಿತು. ಹಿತ್ತಿಲು ಮನೆಯಾಯಿತು, ಕೊಟ್ಟಿಗೆ ಮನೆಯಾಯಿತು. ಆದ್ದರಿಂದ ಹಳ್ಳಿಗೆ ಹೊಸ ಬೀದಿ ಬೇಕೆಂಬುದರಲ್ಲಿ ಸಂದೇಹವಿಲ್ಲ. ಹಳ್ಳಿಯ ಚೆಲುವು ಕೆಡುತ್ತದೆಂದು ಮರುಗುವವರು ಸಾಮಾನ್ಯವಾಗಿ ಬೇರೆಡೆ ಮನೆಯಿದ್ದವರು.

ಈ ಅಗತ್ಯವನ್ನು ಸರ್ಕಾರವೂ ಗುರುತಿಸಿತು. ದೇವರಾಜ ಅರಸರು ಮುಖ್ಯಮಂತ್ರಿಗಳಾದ 1972ರಲ್ಲಿಯೇ, ಮನೆಯಿಲ್ಲದ ದುರ್ಬಲರಿಗೆ ನಿವೇಶನ ಕೊಡುವುದಕ್ಕಾಗಿ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವ ಕಾಯಿದೆ ಬಂದಿತು. 1991-92ರಲ್ಲಿ ಆಶ್ರಯ ಯೋಜನೆ ಮೊದಲಾಯಿತು. 2000ದಲ್ಲಿ ಗ್ರಾಮೀಣ ವಸತಿಗೆಂದೇ ರಾಜ್ಯದಲ್ಲಿ ಒಂದು ನಿಗಮ ಸ್ಥಾಪಿತವಾಯಿತು. ಇವುಗಳ ನಡುವೆ ಬಂದ 1993ರ ಪಂಚಾಯತ್ ರಾಜ್ ಕಾಯಿದೆ ಗ್ರಾಮಸಭೆಗೆ ಒಂದು ಸ್ಥಾನವನ್ನು ಕೊಟ್ಟಿತು. ಫಲಾನುಭವಿಗಳು ಯಾರೆಂಬುದನ್ನು ಊರಿನವರೇ ಸಭೆ ಸೇರಿ ಆರಿಸಬೇಕೆಂಬುದು ಅದರ ಆಶಯ. ಕಾಗದದ ಮೇಲೆ ಇದಕ್ಕಿಂತ ಹೆಚ್ಚಿನದನ್ನು ಬಯಸುವಂತಿಲ್ಲ.

ನಮ್ಮ ಕಡೆಯ ಹಳ್ಳಿಯೊಂದರಲ್ಲಿ ಇಂಥ ಸಭೆಯ ಅಂಚಿನಲ್ಲಿ ಕುಳಿತು ಕೇಳುವ ಅವಕಾಶ ನನಗೆ ದೊರೆತಿತ್ತು. ಶಾಲೆಯ ಜಗಲಿಯ ಮೇಲೆ ಮೇಜು. ಎದುರಿಗೆ ಬೇವಿನ ಮರದ ನೆರಳಿನಲ್ಲಿ ಜನ. ಅಧ್ಯಕ್ಷೆಯ ಮುಂದೆ ಹಾಸಿದ್ದ ನಕ್ಷೆಯಲ್ಲಿ ಗೋಮಾಳದ ಒಂದು ಮೂಲೆಗೆ ಕೆಂಪು ಗುರುತು ಹಾಕಿದ್ದರು. ಎರಡು ಎಕರೆ, ನಲವತ್ತು ನಿವೇಶನ. ಅಧಿಕಾರಿ ಓದಿ ಮುಗಿಸುತ್ತಲೇ ಕುರಿ ಕಾಯುವ ಮುದುಕನೊಬ್ಬ ಎದ್ದು ನಿಂತ. “ಮನೆ ಬೇಡ ಅನ್ನಕಾಯ್ತದಾ ತಾಯಿ? ಆದ್ರೆ ನಾಳಿಂದ ನಮ್ ಕುರಿ ಎಲ್ಲಿ ಮೇಯ್ಬೇಕು ಅಂತ ಅದೇ ಪುಸ್ತಕದಲ್ಲಿ ಬರ್ಕೊಳಿ” ಎಂದ. ಹೆಂಗಸರ ಸಾಲಿನಿಂದ ಒಬ್ಬಾಕೆ ಕೂತಲ್ಲಿಂದಲೇ, “ಎಂಟು ಜನ ಒಂದೇ ಸೂರಲ್ಲಿದೀವಿ ಸಾರ್. ಮಳೆ ಹುಯ್ದ್ರೆ ನಾನೂ ನಮ್ ಓರಗಿತ್ತೀನೂ ಕೂತ್ಕಂಡೇ ಬೆಳಗು ಮಾಡ್ತೀವಿ. ದೊಡ್ಡಪ್ಪನ ಕುರಿಗೂ ಜಾಗ ಇರ್ಲಿ, ನಮಗೂ ಇರ್ಲಿ” ಎಂದಳು. ಕೊನೆಗೆ, ಹಿಂದೆ ಕಾಂಪೌಂಡಿಗೆ ಒರಗಿ ನಿಂತಿದ್ದ ಹುಡುಗನೊಬ್ಬ, “ಪಟ್ಟೀಲಿ ಅರ್ಧ ಜನ ನಮ್ ಕೇರಿಯೋರು. ಅದಕ್ಕೇನಣ್ಣಾ ಊರಿಂದ ಒಂದು ಮೈಲಿ ಆಚೆ ಜಾಗ ಸಿಕ್ಕಿದ್ದು?” ಎಂದು ಕೇಳಿದ. ಯಾರೂ ಸಿಟ್ಟಾಗಲಿಲ್ಲ, ಯಾರೂ ಉತ್ತರ ಕೊಡಲೂ ಇಲ್ಲ. ಇನ್ನೊಂದು ಸಭೆ ಕರೆಯುವುದೆಂದು ನಿಶ್ಚಯಿಸಿ ನಕ್ಷೆಯನ್ನು ಮಡಿಸಿದರು.

ಎಲ್ಲಿ, ಯಾರಿಗೆ, ಯಾರ ಪಕ್ಕದಲ್ಲಿ ಎಂಬ ಮೂರು ಪ್ರಶ್ನೆಗಳೂ ಆ ಅರ್ಧ ಗಳಿಗೆಯಲ್ಲಿ ಬಂದುಹೋದವು. ಅವನ್ನು ಒಂದೊಂದಾಗಿ ನೋಡಬಹುದು.

ಗೋಮಾಳವೆಂದರೆ ಯಾರಿಗೂ ಸೇರದ ನೆಲವೆಂದು ಎಣಿಸುವುದು ಇತ್ತೀಚಿನ ರೂಢಿ. ಅದು ಎಲ್ಲರಿಗೂ ಸೇರಿದ್ದು. ನೂರು ರಾಸುಗಳಿಗೆ ಮೂವತ್ತು ಎಕರೆಯಂತೆ ಹುಲ್ಲುಗಾವಲು ಮೀಸಲಿರಬೇಕೆಂದು 1966ರ ಭೂಕಂದಾಯ ನಿಯಮಗಳು ವಿಧಿಸಿದವು. ಗ್ರಾಮದ ಸಾಮುದಾಯಿಕ ಭೂಮಿಯ ಒತ್ತುವರಿಯನ್ನು ತೆರವು ಮಾಡಿಸಬೇಕೆಂದು ಸುಪ್ರೀಂ ಕೋರ್ಟು 2011ರಲ್ಲಿ ರಾಜ್ಯಗಳಿಗೆ ಆದೇಶವಿತ್ತಿತು. ಭೂಹೀನ ಕೂಲಿಕಾರರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಸರ್ಕಾರವೇ ಕ್ರಮಬದ್ಧವಾಗಿ ಕೊಟ್ಟ ನೆಲವನ್ನು ಅಪವಾದವೆಂದು ಮನ್ನಿಸಿತು. ಹೀಗೆ ಕಾನೂನು ಮುದುಕನ ಮಾತನ್ನೂ ಹೆಂಗಸಿನ ಮಾತನ್ನೂ ಏಕಕಾಲಕ್ಕೆ ಕೇಳಿಸಿಕೊಂಡಿದೆ. ಎರಡನ್ನೂ ತೂಗಿ ನೋಡುವ ಕೆಲಸ ಊರಿನದು. ಬಡವರ ಮನೆಗೆಂದು ಬಡವರ ಕುರಿಯ ಹುಲ್ಲನ್ನೇ ಕೊಡುವುದು ಸುಲಭ. ಉಳ್ಳವರ ಹೊಲದಲ್ಲಿ ಎರಡು ಎಕರೆಯನ್ನು ನ್ಯಾಯವಾದ ಬೆಲೆಗೆ ಕೊಳ್ಳುವುದು ಕಷ್ಟ. ಸುಲಭವಾದದ್ದು ಮೊದಲು ನಕ್ಷೆಗೆ ಏರುವುದರಲ್ಲಿ ಆಶ್ಚರ್ಯವಿಲ್ಲ.

ದೂರವೂ ಇಲ್ಲಿ ಸಣ್ಣ ವಿಷಯವಲ್ಲ. 2009ರ ಅಕ್ಟೋಬರಿನಲ್ಲಿ ಉತ್ತರ ಕರ್ನಾಟಕ ನೆರೆಯಿಂದ ತತ್ತರಿಸಿದಾಗ, ದಾನಿಗಳ ನೆರವಿನಿಂದ ‘ಆಸರೆ’ ಎಂಬ ಹೆಸರಿನಲ್ಲಿ ಸಂತ್ರಸ್ತರಿಗೆ ಹೊಸ ಊರುಗಳನ್ನೇ ಕಟ್ಟಿದರು. ಉದ್ದೇಶ ಉದಾತ್ತವಾಗಿತ್ತು. ಆದರೆ ಅವುಗಳಲ್ಲಿ ಎಷ್ಟೋ ಮನೆಗಳು ವರ್ಷಗಟ್ಟಲೆ ಬೀಗ ಹಾಕಿಕೊಂಡೇ ನಿಂತವು. ಹೊಲ ದೂರವಾಯಿತು, ದನ ಕಟ್ಟಲು, ಮೇವು ಒಟ್ಟಲು ಎಡೆಯಿರಲಿಲ್ಲ. ಹಳ್ಳಿಯ ಮನೆ ಮಲಗುವುದಕ್ಕೆ ಮಾತ್ರ ಇರುವುದಲ್ಲ. ಅದು ಕೊಟ್ಟಿಗೆ, ಕಣಜ, ಕಾರ್ಖಾನೆ ಎಲ್ಲವೂ ಹೌದು. ಇದನ್ನು ತಿಳಿಯದವರು ಎಳೆದ ಗೆರೆ ಎಷ್ಟು ನೇರವಾಗಿದ್ದರೂ ಅದರೊಳಗೆ ಜನ ನಿಲ್ಲುವುದಿಲ್ಲ.

ಇನ್ನು ಸ್ವಲ್ಪ ಲೆಕ್ಕ. ಒಂದು ಎಕರೆಗೆ 43,560 ಚದರಡಿ. ಬೀದಿ, ಚರಂಡಿ, ಒಂದಿಷ್ಟು ಬಯಲು ಎಂದು ನೂರಕ್ಕೆ 45 ಪಾಲು ಬಿಟ್ಟರೆ, 30–40 ಅಡಿ ಅಳತೆಯ ನಿವೇಶನಗಳು ಎಕರೆಗೆ ಇಪ್ಪತ್ತರ ಆಸುಪಾಸು ದೊರೆಯುತ್ತವೆ. ಎರಡು ಎಕರೆಗೆ ನಲವತ್ತು ಮನೆ. ಮನೆಗೆ ಐವರಂತೆ ಇನ್ನೂರು ಜನ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯ ಗೊತ್ತಿನಂತೆ ತಲೆಗೆ ದಿನಕ್ಕೆ 55 ಲೀಟರು ನೀರೆಂದರೆ ನಿತ್ಯ 11,000 ಲೀಟರು. ಈ ನೀರು ಯಾವ ಕೊಳವೆಬಾವಿಯಿಂದ ಬರುತ್ತದೆ ಎಂಬುದನ್ನು ಸಭೆಯಲ್ಲಿ ಹೇಗೋ ಕೇಳುತ್ತಾರೆ. ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಅಪರೂಪ. ತಗ್ಗು ಬಲ್ಲ ನೀರು ಉತ್ತರವನ್ನು ತಾನೇ ಕಂಡುಕೊಳ್ಳುತ್ತದೆ. ಅದು ಕೆರೆಗೆ ಹೋಗುತ್ತದೆ. ಹಳಬರು ಊರನ್ನು ದಿಣ್ಣೆಯ ಮೇಲಿಟ್ಟು ಹಳ್ಳದ ಪಾತ್ರವನ್ನು ಬಿಟ್ಟುಕೊಟ್ಟದ್ದು ಸುಮ್ಮನೆ ಅಲ್ಲ. ಮೊದಲ ದೊಡ್ಡ ಮಳೆಗೆ ಹೊಸ ಬೀದಿಯೇ ಹಳ್ಳವಾಗುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಕ್ಷೆ ಬರೆಯುವ ಮೊದಲು ಊರಿನವರು ಒಂದು ಮಳೆಗಾಲದ ದಿನ ಆ ನೆಲದ ಮೇಲೆ ನಡೆದು ಬಂದರೆ ಅರ್ಧ ತಪ್ಪು ತಪ್ಪುತ್ತದೆ.

ಎರಡನೆಯದು, ಯಾರಿಗೆ ಎಂಬ ಪ್ರಶ್ನೆ. ಪಟ್ಟಣಕ್ಕೆ ಸಮೀಪದ ಹಳ್ಳಿಗಳಲ್ಲಿ ಮನೆಯಿಲ್ಲದವರಿಗೆ ಮನೆ ಎಂಬುದು ಕ್ರಮೇಣ ಹಣವಿದ್ದವರಿಗೆ ನಿವೇಶನ ಎಂದಾಗುವುದನ್ನು ಕಾಣುತ್ತೇವೆ. ಕೃಷಿಭೂಮಿಯನ್ನು ಅನ್ಯ ಉದ್ದೇಶಕ್ಕೆ ಬಳಸಲು ಜಿಲ್ಲಾಧಿಕಾರಿಯ ಅಪ್ಪಣೆ ಬೇಕೆಂದು 1964ರ ಭೂಕಂದಾಯ ಕಾಯಿದೆ ಕಟ್ಟು ಹಾಕಿತ್ತು. ಕೃಷಿಕರಲ್ಲದವರು ಕೃಷಿಭೂಮಿಯನ್ನು ಕೊಳ್ಳುವುದಕ್ಕಿದ್ದ ತಡೆಯನ್ನು 2020ರ ತಿದ್ದುಪಡಿ ತೆಗೆದುಹಾಕಿತು. ರಸ್ತೆಯ ಮಗ್ಗುಲಿನ ರಾಗಿಯ ಹೊಲಕ್ಕೆ ಬಣ್ಣಬಣ್ಣದ ಕಮಾನು ಬರುವುದು, ಕಮಾನಿನೊಳಗೆ ಹತ್ತು ವರ್ಷ ಕಳೆದರೂ ಮನೆಯೇಳದೆ ಪಾರ್ಥೇನಿಯಂ ಬೆಳೆಯುವುದು ಅಪರೂಪದ ನೋಟವೇನಲ್ಲ. ಅತ್ತ ನೆಲ ಹಡಿಲು ಬಿದ್ದಿರುತ್ತದೆ, ಇತ್ತ ಓರಗಿತ್ತಿಯರು ಕೂತು ಬೆಳಗು ಮಾಡುತ್ತಾರೆ. ಆಶ್ರಯದಂಥ ಯೋಜನೆಗಳಲ್ಲಿ ಮನೆಯನ್ನು ಸಾಮಾನ್ಯವಾಗಿ ಹೆಂಗಸಿನ ಹೆಸರಿಗೆ ಕೊಡುವ ಪದ್ಧತಿ ಬಂದದ್ದು ಒಳ್ಳೆಯದಾಯಿತು. ಸೂರು ಸೋರಿದಾಗ ಮೊದಲು ಎದ್ದು ಪಾತ್ರೆ ಹಿಡಿಯುವವಳು ಅವಳೇ ಅಲ್ಲವೇ?

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿನವಾದದ್ದು. ನಮ್ಮ ಹಳೆಯ ಊರಿನ ರಚನೆಯಲ್ಲಿ ನೀರಿನ ವಿವೇಕವಿತ್ತು, ನೆರಳಿನ ವಿವೇಕವಿತ್ತು. ಮನುಷ್ಯನ ವಿಷಯದಲ್ಲಿ ಮಾತ್ರ ಆ ವಿವೇಕ ಕುರುಡಾಗಿತ್ತು. ಊರೆಂದ ಮೇಲೆ ಹೊಲಗೇರಿ ಇದ್ದೇ ಇರುತ್ತದೆ ಎಂಬ ಗಾದೆಯನ್ನು, ಎಲ್ಲೆಡೆಯೂ ಕೊಳಕು ಇರುವುದು ಸಹಜವೆಂಬ ಅರ್ಥದಲ್ಲಿ, ಸಂಕೋಚವಿಲ್ಲದೆ ಆಡಿದ ಜನ ನಾವು. ಬೆವರು ಸುರಿಸಿ ಊರನ್ನು ಸಾಕಿದವರನ್ನು ಊರಾಚೆಗಿಟ್ಟು, ಆ ಅಂತರವನ್ನೇ ಗಾದೆ ಮಾಡಿದೆವು. ಆಮೇಲೆ ಸರ್ಕಾರ ಅವರಿಗೆ ಹೊಸ ಮನೆ ಕಟ್ಟಿಸಿ ಅದನ್ನು ಕಾಲೋನಿ ಎಂದು ಕರೆಯಿತು. ಕೇರಿ ಎಂಬುದು ಮೂಲದಲ್ಲಿ ಬೀದಿ ಎಂಬ ಅರ್ಥದ ನಿರುಪದ್ರವಿ ಶಬ್ದ, ಕಾಲೋನಿಯೂ ಹಾಗೆಯೇ. ನಗರದಲ್ಲಿ ಕಾಲೋನಿ ಎಂದರೆ ಅಂತಸ್ತಿನ ಬಡಾವಣೆ. ನಮ್ಮ ಹಳ್ಳಿಯ ಬಾಯಲ್ಲಿ ಕಾಲೋನಿ ಎಂದೊಡನೆ ಯಾರೂ ಜಾತಿಯನ್ನು ಬೇರೆಯಾಗಿ ಕೇಳಬೇಕಾಗಿಲ್ಲ. ಹೊಸ ಮಾತಿಗೆ ಹಳೆಯ ಅರ್ಥವೇ ಅಂಟಿಕೊಂಡಿತು, ಏಕೆಂದರೆ ಹೊಸ ಮನೆಗಳನ್ನು ಹಳೆಯ ದೂರದಲ್ಲೇ ಕಟ್ಟಿದೆವು. ಭಾಷೆ ಈ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ.

ಹೊಸ ಬೀದಿಯ ನಿಜವಾದ ಬೆಲೆ ಇಲ್ಲಿದೆ. ಹಳೆಯ ಊರಿನಲ್ಲಿ ಯಾರ ಮನೆ ಯಾರ ಮಗ್ಗುಲಿಗಿರಬೇಕೆಂಬುದು ಶತಮಾನಗಳ ಹಿಂದೆಯೇ ಗೊತ್ತಾಗಿಹೋಗಿದೆ. ಅದನ್ನು ಒಂದು ಸಭೆಯಲ್ಲಿ ಬದಲಿಸಲಾಗದು. ನಲವತ್ತು ಬರಿಯ ನಿವೇಶನಗಳ ವಿಷಯ ಹಾಗಲ್ಲ. ಅಲ್ಲಿ ಇನ್ನೂ ಯಾರ ಗೋಡೆಯೂ ಎದ್ದಿಲ್ಲ. ಊರಿಗೆ ತಗುಲಿದಂತೆ ನೆಲವನ್ನು ಆರಿಸಿ, ಪಟ್ಟಿಯಲ್ಲಿರುವ ಎಲ್ಲ ಜಾತಿಯವರ ಹೆಸರನ್ನೂ ಒಂದೇ ಮಡಕೆಯಲ್ಲಿ ಹಾಕಿ, ಸಭೆಯ ಎದುರಿಗೆ ಒಂದು ಮಗುವಿನ ಕೈಯಿಂದ ಚೀಟಿ ಎತ್ತಿಸಿದರೆ ಸಾಕು. ಯಾವ ಕ್ರಾಂತಿಯ ಘೋಷಣೆಯೂ ಇಲ್ಲದೆ, ಒಬ್ಬರ ಬಚ್ಚಲ ನೀರು ಇನ್ನೊಬ್ಬರ ಬಾಗಿಲ ಮುಂದಿನ ಚರಂಡಿಯಲ್ಲಿ ಹರಿಯುವ ಒಂದು ಬೀದಿ ಸಿದ್ಧವಾಗುತ್ತದೆ. ಆ ಬೀದಿಯಲ್ಲಿ ಜಗಳವಿರುವುದಿಲ್ಲವೆಂದು ನಾನು ಹೇಳಲಾರೆ. ಒಂದೇ ನಲ್ಲಿಯ ಮುಂದಿನ ಜಗಳ ನೆರೆಹೊರೆಯವರ ಜಗಳ. ದೂರದಿಂದ ನೋಡುವ ಮೌನಕ್ಕಿಂತ ಅದು ಮೇಲು.

ಆದರೆ ಇಷ್ಟೆಲ್ಲ ಯೋಚಿಸಬೇಕೆಂಬ ನೆಪದಲ್ಲಿ ಸಭೆಯನ್ನು ಮುಂದೂಡುತ್ತ ಹೋಗುವುದೂ ಅನ್ಯಾಯವೇ. ಮುಂದೂಡಿದ ಪ್ರತಿಯೊಂದು ಸಭೆಗೂ ದಂಡ ತೆರುವವಳು ಮಳೆಯಲ್ಲಿ ಕೂತು ಬೆಳಗು ಮಾಡುವ ಹೆಂಗಸು. ನೆಲವನ್ನು ನಡೆದು ನೋಡುವುದಕ್ಕೊಂದು ದಿನ, ಪಟ್ಟಿಯನ್ನು ಓದಿ ತಿದ್ದುವುದಕ್ಕೊಂದು ದಿನ, ಚೀಟಿ ಎತ್ತುವುದಕ್ಕೊಂದು ದಿನ ಎಂದು ಮೊದಲೇ ಗೊತ್ತುಮಾಡಿ, ಮುಂದಿನ ಮುಂಗಾರಿಗೆ ಮುಂಚೆ ಮುಗಿಸುವ ನಿಶ್ಚಯ ಬೇಕು. ವಿವೇಕಕ್ಕೂ ವಿಳಂಬಕ್ಕೂ ಇರುವ ಅಂತರವನ್ನು ಹಳ್ಳಿಯ ಒಕ್ಕಲು ಚೆನ್ನಾಗಿ ಬಲ್ಲ. ಹದ ನೋಡಿ ಬಿತ್ತುವವನೂ ಮಳೆ ಹೋಗುವತನಕ ಕಾಯುವುದಿಲ್ಲ.

ನಲವತ್ತು ಮನೆಗಳ ಬೀದಿಗೆ ಯಾರೂ ಶಾಸನ ಹಾಕಿಸುವುದಿಲ್ಲ. ಹಕ್ಕುಪತ್ರದ ಚಕ್ಕುಬಂದಿಯಲ್ಲಿ ಮಾತ್ರ, ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಮನೆ ಎಂದು ನಾಲ್ಕು ಹೆಸರುಗಳು ಬರುತ್ತವೆ. ನೂರು ವರ್ಷಗಳ ಅನಂತರ ಯಾರಾದರೂ ಆ ಕಾಗದವನ್ನು ಬಿಡಿಸಿ ಓದಿದರೆ, ಆ ಹೆಸರುಗಳು ಎಲ್ಲ ಕೇರಿಗಳಿಂದಲೂ ಬಂದವುಗಳೇ ಎಂಬುದರಿಂದ, ಈ ಕಾಲದ ನಾವು ಎಂಥ ಊರನ್ನು ಬಯಸಿದ್ದೆವೆಂಬುದು ಅವರಿಗೆ ತಿಳಿದುಹೋಗುತ್ತದೆ.