ಷರ್ಲಿ ಜ್ಯಾಕ್ಸನ್ ಅವರ ಒಂದು ಕಾದಂಬರಿ ಮತ್ತು ಅದರ ಓದುಗರು

೧

ಗ್ರಂಥವೊಂದು ಪ್ರಕಟವಾದ ದಿನದಿಂದ ಅದಕ್ಕೆ ಎರಡು ಚರಿತ್ರೆಗಳು ಆರಂಭವಾಗುತ್ತವೆ. ಒಂದು, ಮುದ್ರಣ, ಮರುಮುದ್ರಣ, ಅನುವಾದಗಳ ಚರಿತ್ರೆ. ಮತ್ತೊಂದು, ಅದನ್ನು ಓದಿದವರು ಅದಕ್ಕೆ ಕೊಡುತ್ತ ಬಂದ ಅರ್ಥಗಳ ಚರಿತ್ರೆ. ಮೊದಲನೆಯದನ್ನು ಗ್ರಂಥಸೂಚಿಗಳಿಂದ ತಿಳಿಯಬಹುದು. ಎರಡನೆಯದಕ್ಕೆ ಆಧಾರಗಳು ವಿಮರ್ಶೆಗಳಲ್ಲಿ, ಕಾಗದಗಳಲ್ಲಿ, ಮುನ್ನುಡಿಗಳಲ್ಲಿ, ಲೇಖಕರ ಜೀವನಚರಿತ್ರೆಗಳಲ್ಲಿ ಚದುರಿಹೋಗಿರುತ್ತವೆ. ಸಾಹಿತ್ಯದ ಅಧ್ಯಾಪಕರು ಇವುಗಳನ್ನು ಕೃತಿಯ ಗುಣದೋಷಗಳ ನಿರ್ಣಯಕ್ಕಾಗಿ ಬಳಸುವುದು ಸಹಜ. ಇತಿಹಾಸದ ವಿದ್ಯಾರ್ಥಿಗೆ ಇವು ಬೇರೊಂದು ಕಾರಣದಿಂದ ಬೆಲೆಯುಳ್ಳವು. ಒಂದು ಕಾಲದ ಜನರು ಯಾರನ್ನು ಅಪರಾಧಿಯೆಂದು ಬಗೆದರು, ಯಾರಿಗಾಗಿ ಮರುಗಿದರು, ಯಾವುದನ್ನು ಹುಚ್ಚು ಎಂದು ಕರೆದರು ಎಂಬುದನ್ನು ಇವು ಅಪ್ರಯತ್ನವಾಗಿ ಹೇಳಿಬಿಡುತ್ತವೆ.

ಈ ದೃಷ್ಟಿಯಿಂದ ಪರೀಕ್ಷಿಸಲು ಯೋಗ್ಯವಾದ ಕೃತಿಗಳಲ್ಲಿ ಅಮೆರಿಕದ ಲೇಖಕಿ ಷರ್ಲಿ ಜ್ಯಾಕ್ಸನ್ ಅವರ ‘ವೀ ಹ್ಯಾವ್ ಆಲ್ವೇಸ್ ಲಿವ್ಡ್ ಇನ್ ದಿ ಕ್ಯಾಸಲ್’ ಎಂಬುದೊಂದು. ‘ನಾವು ಎಂದಿನಿಂದಲೂ ಈ ಕೋಟೆಮನೆಯಲ್ಲೇ ಇದ್ದವರು’ ಎಂಬುದು ಆ ಹೆಸರಿನ ಅರ್ಥ. ೧೯೬೨ರಲ್ಲಿ ಪ್ರಕಟವಾದ ಇದು ಲೇಖಕಿ ಪೂರ್ಣಗೊಳಿಸಿದ ಕಾದಂಬರಿಗಳಲ್ಲಿ ಕಡೆಯದು. ೧೯೬೫ರ ಆಗಸ್ಟಿನಲ್ಲಿ, ತಮ್ಮ ೪೮ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಭೂತಪ್ರೇತಗಳಾವುವೂ ಇಲ್ಲದೆ, ಒಂದು ಮನೆಯೊಳಗಿನ ಮನಸ್ಸುಗಳಿಂದಲೇ ಭೀತಿಯನ್ನು ಹುಟ್ಟಿಸುವ ಕಾದಂಬರಿ ಇದು. ಇದರ ಬಗೆಗೆ ಓದುಗರ ಅಭಿಪ್ರಾಯಗಳು ಹೇಗೆ ಭಿನ್ನವಾದವು, ಆ ಭಿನ್ನತೆಗೆ ಕಾರಣವೇನು, ಅಂತಹ ಅಭಿಪ್ರಾಯಗಳನ್ನು ತೂಗುವ ಬಗೆ ಯಾವುದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

೨

ಕಥೆಯ ಸಂಗತಿಗಳನ್ನು ಮೊದಲು ಸಂಗ್ರಹವಾಗಿ ಹೇಳುವುದು ಅವಶ್ಯಕ. ಬ್ಲ್ಯಾಕ್‌ವುಡ್ ಎಂಬ ಶ್ರೀಮಂತ ಮನೆತನದ ಮೂವರು ಊರಿನ ಅಂಚಿನ ದೊಡ್ಡ ಮನೆಯೊಂದರಲ್ಲಿ ವಾಸವಾಗಿದ್ದಾರೆ. ಹದಿನೆಂಟು ವರ್ಷದ ಮೇರಿ ಕ್ಯಾಥರೀನ್, ಅಂದರೆ ಮೆರಿಕ್ಯಾಟ್, ಕಥೆಯನ್ನು ಹೇಳುವವಳು. ಅವಳಿಗಿಂತ ಹತ್ತು ವರ್ಷ ಹಿರಿಯಳಾದ ಅಕ್ಕ ಕಾನ್‌ಸ್ಟೆನ್ಸ್ ಮನೆಯ ತೋಟವನ್ನು ದಾಟಿ ಹೊರಗೆ ಬರುವುದಿಲ್ಲ. ಚಿಕ್ಕಪ್ಪ ಜೂಲಿಯನ್ ಗಾಲಿಕುರ್ಚಿಯಲ್ಲಿ ಕುಳಿತ ರೋಗಿ. ಆರು ವರ್ಷಗಳ ಹಿಂದೆ ಒಂದು ರಾತ್ರಿ ಊಟದ ಹೊತ್ತಿನಲ್ಲಿ, ಹಣ್ಣಿನ ಮೇಲೆ ಉದುರಿಸಿಕೊಳ್ಳುವ ಸಕ್ಕರೆಯಲ್ಲಿ ಪಾಷಾಣ ಬೆರೆತು, ತಂದೆ, ತಾಯಿ, ಹತ್ತು ವರ್ಷದ ತಮ್ಮ ಥಾಮಸ್, ಜೂಲಿಯನ್ನನ ಹೆಂಡತಿ ಈ ನಾಲ್ವರು ಸತ್ತರು. ಜೂಲಿಯನ್ ಅದೇ ಸಕ್ಕರೆಯನ್ನು ತಿಂದೂ ಬದುಕಿದನು. ಕಾನ್‌ಸ್ಟೆನ್ಸ್‌ಗೆ ಸಕ್ಕರೆ ಹಾಕಿಕೊಳ್ಳುವ ರೂಢಿಯಿರಲಿಲ್ಲ. ಮೆರಿಕ್ಯಾಟ್ ಅಂದು ಊಟವಿಲ್ಲದೆ ಮಲಗಬೇಕೆಂಬ ಶಿಕ್ಷೆಗೆ ಗುರಿಯಾಗಿ ಕೋಣೆಯಲ್ಲಿದ್ದಳು.

ಅಡಿಗೆ ಮಾಡಿದವಳೂ, ಪೋಲೀಸರು ಬರುವ ಮುನ್ನ ಸಕ್ಕರೆಯ ಬಟ್ಟಲನ್ನು ತೊಳೆದವಳೂ ಕಾನ್‌ಸ್ಟೆನ್ಸ್. ಅವಳ ಮೇಲೆ ಮೊಕದ್ದಮೆ ನಡೆದು, ನಿರ್ದೋಷಿಯೆಂದು ಬಿಡುಗಡೆಯಾಯಿತು. ನ್ಯಾಯಾಲಯವು ಬಿಟ್ಟರೂ ಊರು ಬಿಡಲಿಲ್ಲ. ಸಾಮಾನು ತರಲು ಪೇಟೆಗೆ ಬರುವ ಮೆರಿಕ್ಯಾಟಳನ್ನು ದೊಡ್ಡವರು ಕುಹಕದ ಮಾತುಗಳಿಂದಲೂ ಮಕ್ಕಳು ಅಣಕದ ಪದ್ಯದಿಂದಲೂ ಹಿಂಸಿಸುತ್ತಾರೆ. ಇಂತಿರಲು, ಆಸ್ತಿಯ ಮೇಲೆ ಕಣ್ಣಿಟ್ಟ ದಾಯಾದಿ ಚಾರ್ಲ್ಸ್ ಮನೆಗೆ ಬಂದು ಸೇರುತ್ತಾನೆ. ಅವನು ಉರಿಯುತ್ತಿದ್ದಂತೆಯೇ ಇಟ್ಟುಹೋಗಿದ್ದ ಪೈಪನ್ನು ಮೆರಿಕ್ಯಾಟ್ ಕಸದ ಬುಟ್ಟಿಗೆ ತಳ್ಳುತ್ತಾಳೆ. ಮನೆಗೆ ಬೆಂಕಿ ಹತ್ತುತ್ತದೆ. ಬೆಂಕಿಯನ್ನು ಆರಿಸಿದ ದಳದ ಮುಖಂಡನೇ ಕರ್ತವ್ಯ ಮುಗಿದೊಡನೆ ತನ್ನ ಶಿರಸ್ತ್ರಾಣವನ್ನು ಕಳಚಿಟ್ಟು, ಮೊದಲ ಕಲ್ಲನ್ನು ಎಸೆಯುತ್ತಾನೆ. ಜನಸಮೂಹವು ಮನೆಯನ್ನು ಹೊಕ್ಕು ಧ್ವಂಸ ಮಾಡುತ್ತದೆ; ಅದೇ ರಾತ್ರಿ ಜೂಲಿಯನ್ ಸಾಯುತ್ತಾನೆ. ವಿಷವಿಟ್ಟವಳು ಮೆರಿಕ್ಯಾಟಳೇ ಎಂಬುದು ಅನಂತರ, ಅಕ್ಕತಂಗಿಯರ ನಡುವಣ ಒಂದೆರಡು ಮಾತಿನಲ್ಲಿ ಸ್ಪಷ್ಟವಾಗುತ್ತದೆ. ಅಕ್ಕನಿಗೆ ಅದು ಮೊದಲಿನಿಂದಲೂ ಗೊತ್ತಿತ್ತು. ಕೊನೆಗೆ ಇಬ್ಬರೂ ಪಾಳುಮನೆಯ ಅಡಿಗೆಮನೆಯಲ್ಲಿ ಬಾಗಿಲು ಭದ್ರಪಡಿಸಿಕೊಂಡು ಉಳಿಯುತ್ತಾರೆ; ಊರಿನವರು ಕ್ಷಮೆ ಕೇಳುವ ಚೀಟಿಗಳೊಡನೆ ಬಾಗಿಲಲ್ಲಿ ತಿನಿಸುಗಳನ್ನು ಇಟ್ಟುಹೋಗುತ್ತಾರೆ.

೩

ಓದುಗರ ಅಭಿಪ್ರಾಯವೆಂಬುದು ಜ್ಯಾಕ್ಸನ್ ಅವರಿಗೆ ಈ ಕಾದಂಬರಿಗೆ ಮೊದಲೇ ಚೆನ್ನಾಗಿ ಪರಿಚಿತವಾಗಿದ್ದ ವಸ್ತು. ೧೯೪೮ರ ಜೂನ್ ೨೬ರ ‘ನ್ಯೂ ಯಾರ್ಕರ್’ ಪತ್ರಿಕೆಯಲ್ಲಿ ಅವರ ‘ದಿ ಲಾಟರಿ’ ಎಂಬ ಸಣ್ಣಕಥೆ ಪ್ರಕಟವಾಯಿತು. ವರ್ಷಕ್ಕೊಮ್ಮೆ ಚೀಟಿಯೆತ್ತಿ ತಮ್ಮಲ್ಲೇ ಒಬ್ಬರನ್ನು ಕಲ್ಲೆಸೆದು ಕೊಲ್ಲುವ ಹಳ್ಳಿಯೊಂದರ ಕಥೆ ಅದು. ಆ ಬೇಸಗೆಯಲ್ಲಿ ತಮಗೆ ಮುನ್ನೂರಕ್ಕೂ ಹೆಚ್ಚು ಕಾಗದಗಳು ಬಂದುವೆಂದೂ, ಅವುಗಳಲ್ಲಿ ಆದರದ ಮಾತಿದ್ದುವು ಹದಿಮೂರು ಮಾತ್ರವೆಂದೂ ಅವರು ಮುಂದೆ ಒಂದು ಉಪನ್ಯಾಸದಲ್ಲಿ ಹೇಳಿದ್ದಾರೆ. ಕೆಲವರು ಕೋಪಗೊಂಡರು, ಕೆಲವರು ಅರ್ಥವಾಗದೆ ಗೊಂದಲಪಟ್ಟರು. ಮತ್ತೆ ಕೆಲವರು ಇಂತಹ ಆಚರಣೆ ಎಲ್ಲಿ ನಡೆಯುತ್ತದೆ, ಹೋಗಿ ನೋಡಬಹುದೇ ಎಂದು ವಿಚಾರಿಸಿದರು. ಆ ಪತ್ರಿಕೆಯು ಆಗ ಕಥೆಯನ್ನೂ ವರದಿಯನ್ನೂ ಹೆಸರಿಟ್ಟು ಬೇರ್ಪಡಿಸುತ್ತಿರಲಿಲ್ಲವಾದ್ದರಿಂದ, ಇಂತಹ ಪ್ರಶ್ನೆ ಕೇವಲ ಮೌಢ್ಯದ ಫಲವೆನ್ನುವಂತಿಲ್ಲ. ಆದರೆ ನೋಡಬಯಸಿದುದು ಅವರ ಇಚ್ಛೆಯೇ ಹೊರತು ಪತ್ರಿಕೆಯ ದೋಷವಲ್ಲ.

ಆ ಕಾಗದಗಳು ಕಲಿಸುವ ಪಾಠವೇನೆಂದರೆ, ಓದುಗನು ಕಥೆಯಲ್ಲಿ ಸ್ಥಾನವೊಂದನ್ನು ತಾನೇ ಆರಿಸಿಕೊಳ್ಳುತ್ತಾನೆ: ಬಲಿಯಾದವರ ಕಡೆಯೋ, ಕಲ್ಲೆಸೆದವರ ಕಡೆಯೋ, ದೂರದಲ್ಲಿ ನಿಂತ ಪ್ರೇಕ್ಷಕರ ಕಡೆಯೋ. ಪ್ರಕೃತ ಕಾದಂಬರಿಯಲ್ಲಿಯೂ ಇದೇ ನಡೆದಿದೆ. ಆದರೆ ಇಲ್ಲಿ ಬಲಿಯಾದವರೂ ನಿರಪರಾಧಿಗಳಲ್ಲ; ಆದ್ದರಿಂದ ಆರಿಸಿಕೊಳ್ಳುವ ಕಾರ್ಯ ಕಠಿನತರವಾಗಿದೆ.

೪

ಈ ಕಾದಂಬರಿಯ ಬಗೆಗೆ ಇದುವರೆಗೆ ಬಂದಿರುವ ಅಭಿಪ್ರಾಯಗಳನ್ನು ಸ್ಥೂಲವಾಗಿ ನಾಲ್ಕು ಪಂಗಡಗಳಾಗಿ ವಿಂಗಡಿಸಬಹುದು.

ಮೊದಲನೆಯದು, ಇದನ್ನು ರೋಗಗ್ರಸ್ತ ಮನಸ್ಸೊಂದರ ಚಿತ್ರವೆಂದು ಬಗೆಯುವುದು. ಪ್ರಕಟವಾದ ವರ್ಷವೇ ‘ಟೈಮ್’ ಪತ್ರಿಕೆಯು ಇದನ್ನು ಆ ವರ್ಷದ ಹತ್ತು ಉತ್ತಮ ಕಾದಂಬರಿಗಳಲ್ಲಿ ಸೇರಿಸಿತು. ಇಷ್ಟು ಮನ್ನಣೆಗೆ ಮುಖ್ಯ ಕಾರಣ ಮೆರಿಕ್ಯಾಟಳ ಧ್ವನಿ. ಅವಳು ವಸ್ತುಗಳನ್ನು ನೆಲದಲ್ಲಿ ಹೂಳುತ್ತಾಳೆ, ತಂದೆಯ ಪುಸ್ತಕವನ್ನು ಮರಕ್ಕೆ ಮೊಳೆಹೊಡೆದು ರಕ್ಷೆಯಾಗಿ ಕಟ್ಟುತ್ತಾಳೆ, ಮಂತ್ರದಂತಹ ಪದಗಳನ್ನು ಆರಿಸಿಟ್ಟುಕೊಳ್ಳುತ್ತಾಳೆ. ಈ ಓದಿನಂತೆ ಕಥೆಯೆಲ್ಲವೂ ಒಂದು ವಿಕಾರದ ಲಕ್ಷಣಾವಳಿ. ಊರು ಅದಕ್ಕೆ ಹಿನ್ನೆಲೆ ಮಾತ್ರ.

ಎರಡನೆಯದು, ಲೇಖಕಿಯ ಬಾಳನ್ನೇ ಕೃತಿಯಲ್ಲಿ ಕಾಣುವುದು. ಕಾದಂಬರಿ ಹೊರಬಂದ ಮೇಲೆ ಜ್ಯಾಕ್ಸನ್ ಅವರು ಕೆಲವು ತಿಂಗಳು ಮನೆಯಿಂದ ಹೊರಗೆ ಕಾಲಿಡಲಾಗದಷ್ಟು ಭಯದಿಂದ ಬಳಲಿದರೆಂಬುದನ್ನು ಅವರ ಜೀವನಚರಿತ್ರಕಾರರು ದಾಖಲಿಸಿದ್ದಾರೆ. ವರ್ಮಾಂಟ್ ಪ್ರಾಂತದ ನಾರ್ತ್ ಬೆನಿಂಗ್‌ಟನ್ ಎಂಬ ಸಣ್ಣ ಊರಿನಲ್ಲಿ, ಯಹೂದಿ ಮನೆತನದ ವಿಮರ್ಶಕ ಪತಿಯೊಡನೆ ಹೊರಗಿನವರಾಗಿ ಬಾಳಿದ ಅನುಭವವೂ ಇದಕ್ಕೆ ಸೇರುತ್ತದೆ. ಪತಿ ಸ್ಟ್ಯಾನ್ಲಿ ಎಡ್ಗರ್ ಹೈಮನ್ ಅವರು ಮಾತ್ರ, ೧೯೬೬ರಲ್ಲಿ ತಾವು ಸಂಪಾದಿಸಿದ ಸಂಕಲನದ ಮುನ್ನುಡಿಯಲ್ಲಿ, ಆಕೆಯ ಕತ್ತಲೆಯ ದರ್ಶನಗಳನ್ನು ಸ್ವಂತ ಮನೋವ್ಯಾಧಿಯ ಫಲವೆನ್ನುವುದನ್ನು ಬಲವಾಗಿ ನಿರಾಕರಿಸಿದರು. ಸೆರೆಶಿಬಿರಗಳನ್ನೂ ಅಣುಬಾಂಬನ್ನೂ ಕಂಡ ಯುಗದ ಯಥಾರ್ಥ ವಿಶ್ಲೇಷಣೆ ಅವು ಎಂಬುದು ಅವರ ವಾದ.

ಮೂರನೆಯದು, ಕುಟುಂಬದೊಳಗಿನ ಅಧಿಕಾರದ ಪ್ರಶ್ನೆಯನ್ನು ಮುಂದಿಟ್ಟುಕೊಂಡ ಓದು. ೧೯೮೪ರಲ್ಲಿ ಲಿನೆಟ್ ಕಾರ್ಪೆಂಟರ್ ಅವರ ಲೇಖನವು, ಪುರುಷರ ಯಜಮಾನಿಕೆಯ ಮನೆಯೊಂದರಲ್ಲಿ ಹೆಣ್ಣುಮಕ್ಕಳು ತಮ್ಮ ಶಕ್ತಿಯನ್ನು ಸ್ಥಾಪಿಸಿ ಉಳಿಸಿಕೊಂಡ ಕಥೆಯಾಗಿ ಇದನ್ನು ಓದಿತು. ಈ ಓದಿಗೆ ಆಧಾರಗಳಿಲ್ಲದಿಲ್ಲ. ತನಗೆ ಸಾಲ ಕೊಡಬೇಕಾದವರ ಮತ್ತು ತನ್ನ ಉಪಕಾರ ತೀರಿಸಬೇಕಾದವರ ಲೆಕ್ಕವನ್ನು ತಂದೆ ಬರೆದಿಡುತ್ತಿದ್ದನು. ಅನಂತರ ಬಂದ ಚಾರ್ಲ್ಸ್ ಆ ತಂದೆಯ ಕೋಣೆಯನ್ನೂ ಕುರ್ಚಿಯನ್ನೂ ಆಕ್ರಮಿಸುತ್ತಾನೆ.

ನಾಲ್ಕನೆಯದು, ಊರನ್ನೇ ಅಪರಾಧಿಯಾಗಿ ನಿಲ್ಲಿಸುವುದು. ‘ದಿ ಲಾಟರಿ’ಯನ್ನು ಓದಿ ಬಂದವರಿಗೆ ಈ ದಾರಿ ಸುಲಭವಾಗಿ ತೆರೆಯುತ್ತದೆ, ಅಲ್ಲಿಯ ಕಲ್ಲುಗಳೇ ಇಲ್ಲಿಯೂ ಬಂದು ಬೀಳುತ್ತವೆ. ಮೆರಿಕ್ಯಾಟಳನ್ನು ಮೆಚ್ಚಿನ ನಾಯಕಿಯಾಗಿ ಪರಿಗ್ರಹಿಸುವ ಇಂದಿನ ತರುಣ ಓದುಗರು ಬಹುಮಟ್ಟಿಗೆ ಈ ಕಡೆಯ ಎರಡು ಪಂಗಡಗಳಿಗೆ ಸೇರಿದವರು.

೫

ಈ ಅಭಿಪ್ರಾಯಗಳಲ್ಲಿ ಯಾವುದೂ ಕೇವಲ ಕಲ್ಪಿತವಲ್ಲ. ಪ್ರತಿಯೊಂದಕ್ಕೂ ಪುಸ್ತಕದಲ್ಲಿ ಆಧಾರವುಂಟು. ಹಾಗಾದರೆ ತಾರತಮ್ಯವನ್ನು ನಿರ್ಣಯಿಸುವುದೆಂತು? ನಮ್ಮ ಮತದಲ್ಲಿ, ಒಂದು ಅಭಿಪ್ರಾಯವು ಎತ್ತಿಕೊಂಡ ಸಾಕ್ಷ್ಯಕ್ಕಿಂತ ಅದು ಕೈಬಿಟ್ಟ ಸಾಕ್ಷ್ಯವನ್ನು ನೋಡುವುದೇ ಸರಿಯಾದ ಮಾರ್ಗ.

ರೋಗದ ಚಿತ್ರವೆಂಬ ಓದು ಊರಿನ ಕಲ್ಲುಗಳನ್ನು ಬಿಡುತ್ತದೆ. ಮೆರಿಕ್ಯಾಟಳಿಗೆ ಊರಿನವರ ದ್ವೇಷ ಭ್ರಾಂತಿಯಾಗಿದ್ದರೆ ಮನೆ ಧ್ವಂಸವಾಗುತ್ತಿರಲಿಲ್ಲ. ಊರೇ ಅಪರಾಧಿಯೆಂಬ ಓದು, ಆ ದ್ವೇಷಕ್ಕೆ ವಿಷಪ್ರಕರಣಕ್ಕಿಂತ ಹಳೆಯ ಕಾರಣವಿತ್ತೆಂಬುದನ್ನು ಬಿಡುತ್ತದೆ. ಜನರು ಮನೆಯ ಮುಂದೆ ಹಾಯುವುದನ್ನು ತಾಯಿ ಸಹಿಸದೆ ಹೋದುದರಿಂದ, ಊರಿನವರು ಬಳಸುತ್ತಿದ್ದ ದಾರಿಯನ್ನು ತಂದೆ ಬೇಲಿ ಹಾಕಿಸಿ ಮುಚ್ಚಿಸಿದ್ದನು. ಅಧಿಕಾರದ ಪ್ರಶ್ನೆಯನ್ನೆತ್ತುವ ಓದು ಬಹುಶಃ ಎಲ್ಲಕ್ಕಿಂತ ಹೆಚ್ಚು ವಿಷಯಗಳನ್ನು ವಿವರಿಸುತ್ತದೆ. ಆದರೆ ಅದೂ ಒಂದು ಹೆಸರಿನ ಎದುರು ತಡವರಿಸುತ್ತದೆ: ಹತ್ತು ವರ್ಷದ ಥಾಮಸ್. ತಂದೆಯ ಗುಣಗಳು ಹುಡುಗನಲ್ಲೂ ಇದ್ದುವೆಂದು ಜೂಲಿಯನ್ ಹೇಳುವನಾದರೂ, ಅದು ಮಗುವಿಗೆ ಮರಣದಂಡನೆಯ ಕಾರಣವಾಗಲಾರದು. ಮೆರಿಕ್ಯಾಟಳಿಗಾಗಿ ಮರುಗುವ ಓದುಗನು ಸಕ್ಕರೆಯನ್ನು ಹೆಚ್ಚು ಪ್ರೀತಿಸುವ ವಯಸ್ಸಿನ ಆ ಹುಡುಗನನ್ನು ಮರೆತೇ ಮರುಗಬೇಕಾಗುತ್ತದೆ. ಹಾಗೆ ಮರೆಸುವ ಶಕ್ತಿಯಲ್ಲಿಯೇ ಕಾದಂಬರಿಯ ನಿಜವಾದ ಭೀತಿ ಅಡಗಿದೆ.

ಇದಕ್ಕೆ ಸಾಧನವಾದುದು ನಿರೂಪಣೆಯ ಕ್ರಮ. ಕಥೆಯಲ್ಲಿ ನಮಗೆ ದೊರೆಯುವುದು ಒಂದೇ ಸಾಕ್ಷಿಯ ಹೇಳಿಕೆ. ಆ ಸಾಕ್ಷಿಯೇ ಕೊಲೆಗಾತಿ. ಅವಳು ಸುಳ್ಳು ಹೇಳುವುದು ಕಡಿಮೆ, ಹೇಳದೆ ಬಿಡುವುದು ಹೆಚ್ಚು. ಏಕೆ ವಿಷವಿಟ್ಟೆನೆಂಬುದನ್ನು ಅವಳು ಎಲ್ಲಿಯೂ ವಿವರಿಸುವುದಿಲ್ಲ. ತೋಟದ ಹಳೆಯ ಮಂಟಪದಲ್ಲಿ ಕುಳಿತು, ಸತ್ತವರೆಲ್ಲ ಮತ್ತೆ ಊಟದ ಮೇಜಿನ ಸುತ್ತ ಸೇರಿ ತನ್ನನ್ನು ಎಂದೂ ಶಿಕ್ಷಿಸಬಾರದೆಂದು ಹೊಗಳುವಂತೆ ಕಲ್ಪಿಸಿಕೊಳ್ಳುವ ಭಾಗವೊಂದರಿಂದ ನಾವು ಊಹಿಸಬೇಕು, ಅಷ್ಟೆ. ಶಾಸನವನ್ನು ಬರೆಯಿಸಿದ ಅರಸನ ಮಾತಿನಿಂದಲೇ ಅವನ ಯುದ್ಧವನ್ನು ತಿಳಿಯಹೊರಟ ಚರಿತ್ರಕಾರನಿಗೆ ಈ ಕಷ್ಟ ಹೊಸದಲ್ಲ.

ಚರಿತ್ರಕಾರನ ವಿಷಯದಲ್ಲಿ ಲೇಖಕಿ ಒಂದು ಕಟುವಾದ ವಿನೋದವನ್ನೂ ಇಟ್ಟಿದ್ದಾರೆ. ಜೂಲಿಯನ್ ಆ ಕಡೆಯ ದಿನದ ಪ್ರತಿಯೊಂದು ವಿವರವನ್ನೂ ಸಂಗ್ರಹಿಸುತ್ತ, ಗ್ರಂಥವೊಂದನ್ನು ಬರೆಯಲು ಕಾಗದಗಳನ್ನು ಜೋಡಿಸುತ್ತಿರುತ್ತಾನೆ. ಯಾರು ಎಲ್ಲಿ ಕುಳಿತರು, ಏನು ತಿಂದರು ಎಂಬುದೆಲ್ಲ ಅವನಲ್ಲಿದೆ. ಆದರೆ ಮೆರಿಕ್ಯಾಟ್ ಮೊಕದ್ದಮೆಯ ಕಾಲದಲ್ಲಿ ಅನಾಥಾಲಯದಲ್ಲಿಯೇ ಸತ್ತುಹೋದಳೆಂದು ಅವನು ನಂಬಿದ್ದಾನೆ. ಆಧಾರಗಳನ್ನೆಲ್ಲ ಕೂಡಿಟ್ಟವನಿಗೆ ಅದೇ ಮನೆಯಲ್ಲಿ ಓಡಾಡುತ್ತಿರುವ ಅಪರಾಧಿಯೇ ಕಾಣಿಸುವುದಿಲ್ಲ.

೬

ನ್ಯಾಯಾಲಯದ ತೀರ್ಪಿಗೂ ಊರಿನ ತೀರ್ಪಿಗೂ ಇರುವ ಈ ಅಂತರ ಕಾದಂಬರಿಯಲ್ಲಿ ಮಾತ್ರ ಕಾಣುವುದಲ್ಲ. ಅನೇಕ ಓದುಗರು ಇಲ್ಲಿ ಲಿಜ್ಜಿ ಬಾರ್ಡೆನ್ ಪ್ರಕರಣವನ್ನು ನೆನೆದಿರುವುದು ಉಚಿತವಾಗಿಯೇ ಇದೆ. ೧೮೯೨ರ ಆಗಸ್ಟ್ ೪ರಂದು ಮಸಾಚುಸೆಟ್ಸ್ ಪ್ರಾಂತದ ಫಾಲ್ ರಿವರ್ ಪಟ್ಟಣದಲ್ಲಿ ಆಕೆಯ ತಂದೆಯೂ ಮಲತಾಯಿಯೂ ಹರಿತವಾದ ಆಯುಧದ ಹೊಡೆತಗಳಿಂದ ಕೊಲೆಯಾದರು. ೧೮೯೩ರ ಜೂನಿನಲ್ಲಿ ಆಕೆ ನಿರ್ದೋಷಿಯೆಂದು ಬಿಡುಗಡೆಯಾದಳು. ಆದರೂ ಅದೇ ಪಟ್ಟಣದಲ್ಲಿ, ಜನರ ಬಹಿಷ್ಕಾರದ ನಡುವೆಯೇ, ೧೯೨೭ರವರೆಗೆ ಬಾಳಿದಳು. ಮಕ್ಕಳ ಬಾಯಲ್ಲಿ ಉಳಿದ ಪದ್ಯವು ಹೊಡೆತಗಳನ್ನು ಎಂಬತ್ತಕ್ಕೂ ಮೇಲೆ ಎಣಿಸುತ್ತದೆ. ಶವಪರೀಕ್ಷೆಯಲ್ಲಿ ಕಂಡುವು ಎರಡೂ ಸೇರಿ ಮೂವತ್ತರ ಆಸುಪಾಸು. ಜನಾಭಿಪ್ರಾಯವು ಸಂಗತಿಯನ್ನು ಹೇಗೆ ಬೆಳೆಸುತ್ತದೆ ಎಂಬುದಕ್ಕೆ ಇದಕ್ಕಿಂತ ಚಿಕ್ಕ ನಿದರ್ಶನ ಬೇಡ.

ಆದರೆ ಸಾದೃಶ್ಯವನ್ನು ಅತಿಯಾಗಿ ಎಳೆಯಬಾರದು. ಫಾಲ್ ರಿವರಿನ ಸತ್ಯ ಇಂದಿಗೂ ಇತ್ಯರ್ಥವಾಗಿಲ್ಲ. ಬ್ಲ್ಯಾಕ್‌ವುಡ್ ಮನೆಯ ಸತ್ಯ ನಮಗೆ ಗೊತ್ತು. ಕಾನ್‌ಸ್ಟೆನ್ಸಳ ವಿಷಯದಲ್ಲಿ ನ್ಯಾಯಾಲಯ ಸರಿ, ಊರು ತಪ್ಪು. ಆ ಮನೆಯಲ್ಲಿ ಕೊಲೆಗಾರರಿದ್ದಾರೆಂಬ ವಿಷಯದಲ್ಲಿ ಊರಿನ ಸಂದೇಹ ನಿಜ. ಕಲ್ಲೆಸೆಯಲು ಮಾತ್ರ ಆ ನಿಜವೂ ಅಧಿಕಾರ ಕೊಡುವುದಿಲ್ಲ. ಈ ಮೂರು ವಾಕ್ಯಗಳನ್ನೂ ಒಟ್ಟಿಗೆ ಮನಸ್ಸಿನಲ್ಲಿ ಹಿಡಿದಿಡಬಲ್ಲ ಓದೇ ಪೂರ್ಣವಾದ ಓದು. ಅಂತ್ಯವು ಸುಖವೋ ಘೋರವೋ ಎಂಬ ವಿವಾದವೂ ಇದರಿಂದ ತಿಳಿಯಾಗುತ್ತದೆ. ಬಾಗಿಲಲ್ಲಿಟ್ಟ ತಿನಿಸುಗಳು ಪಶ್ಚಾತ್ತಾಪದ ಕಾಣಿಕೆಯಾದಂತೆಯೇ ಭಯದ ಬಲಿಯೂ ಹೌದು.

೭

ತರಗತಿಯಲ್ಲಿ ಇಂತಹ ಕೃತಿಯನ್ನು ಚರ್ಚಿಸುವ ಅಧ್ಯಾಪಕರಿಗೆ ಎರಡು ಪ್ರಲೋಭನೆಗಳು ಎದುರಾಗುತ್ತವೆ: ಎಲ್ಲ ಅಭಿಪ್ರಾಯಗಳೂ ಸಮಾನವೆಂದು ಬಿಡುವುದು, ಇಲ್ಲವೆ ಒಂದನ್ನು ಮಾತ್ರ ಸರಿಯೆಂದು ಬರೆಯಿಸುವುದು. ಮೊದಲನೆಯದು ವಿದ್ಯಾರ್ಥಿಯ ಹೊಣೆಯನ್ನು ಕಳೆಯುತ್ತದೆ. ಎರಡನೆಯದು ಅವನ ಸ್ವಾತಂತ್ರ್ಯವನ್ನು. ಇವೆರಡರ ನಡುವಣ ದಾರಿ, ಅಭಿಪ್ರಾಯ ಹೇಳಿದವನನ್ನು ಒಂದು ಪ್ರಶ್ನೆ ಕೇಳುವುದು: ನಿನ್ನ ತೀರ್ಮಾನ ನಿಲ್ಲಬೇಕಾದರೆ ಈ ಪುಸ್ತಕದಲ್ಲಿ ಯಾರನ್ನು ನೀನು ಮರೆಯಬೇಕು? ಕೆಲವರು ಥಾಮಸನನ್ನು ಮರೆತಿರುತ್ತಾರೆ, ಕೆಲವರು ಬೇಲಿಯನ್ನು, ಕೆಲವರು ಕಲ್ಲನ್ನು. ಮರೆತುದನ್ನು ನೆನೆದ ಮೇಲೆಯೂ ತೀರ್ಮಾನ ನಿಂತರೆ ಅದಕ್ಕೆ ಬೆಲೆಯುಂಟು.

ಸಂದೇಹಕ್ಕೊಳಗಾದ ಮನೆಗಳು ಕಾದಂಬರಿಗಳಲ್ಲಿ ಮಾತ್ರ ಇರುವುದಿಲ್ಲ. ಅವುಗಳ ಬಗೆಗೆ ತೀರ್ಪು ಕೊಡುವ ಊರುಗಳೂ ಎಲ್ಲೆಡೆ ಇವೆ. ಕಲ್ಪಿತ ಕುಟುಂಬವೊಂದರ ವಿಷಯದಲ್ಲಿ ಸಾಕ್ಷ್ಯವನ್ನು ತೂಗಲು ಕಲಿತವರು ನಿಜವಾದ ಕುಟುಂಬದ ವಿಷಯದಲ್ಲಿ ನಾಲಗೆಯನ್ನು ಸ್ವಲ್ಪ ತಡೆದಾರೆಂದು ನಿರೀಕ್ಷಿಸುವುದು ಅಸಂಗತವಾಗಲಾರದು.